ಕಾದಂಬರಿಗೆ ಪುರಾವೆ ಕೊಡ್ರಿ

(ವಿನೋಬನಗರದ ಮಂಡಕ್ಕಿ-ಮಿರ್ಚಿ ಅಂಗಡಿ. ರುದ್ರಪ್ಪನ ಒಂದು ಕೈಯಲ್ಲಿ ಲೈಬ್ರರಿ ಕಾದಂಬರಿ, ಇನ್ನೊಂದರಲ್ಲಿ ಮೊಬೈಲು.)

ರುದ್ರಪ್ಪ: ಲೇ ಶಿವಣ್ಣ, ಇದೇನು ಕಾದಂಬರಿನೋ! ಹರಿಹರದಾಗೆ ಬಸ್ ತಪ್ಪಿದೋನಿಗೆ ಅಲ್ಲೇ ಹಳೇ ಗೆಳತಿ ಸಿಗ್ತಾಳಂತೆ. ನಂಬಂಗೆ ಬರೀಬಾರ್ದಾ?

ಶಿವಣ್ಣ: 2016ರಾಗೆ 2000ದ ನೋಟಿನಾಗೆ ಚಿಪ್ ಐತಿ, 120 ಮೀಟರ್ ಆಳಕ್ಕೆ ಹೂತ್ರೂ ಸ್ಯಾಟಲೈಟಿಗೆ ಸಿಗ್ತತಿ ಅಂದೋನು ನೀನೇ ಅಲ್ಲೇನು?

ರುದ್ರಪ್ಪ: ಟಿವಿಯಾಗೇ ಬಂದಿತ್ತಪ್ಪ!

ಶಿವಣ್ಣ: ಸುಳ್ಳು ಅಂತ ಆಗ್ಲೇ ಗೊತ್ತಾತು. 2023ರಾಗೆ ಆ ನೋಟನ್ನೇ ವಾಪಸ್ ತಗಂಡ್ರು.

ರುದ್ರಪ್ಪ: ಚಿಪ್ ಬಿಚ್ಚಾಕೇ ಇರಬೇಕು!

ಶಿವಣ್ಣ: 90ರ ದಶಕದಾಗೆ ದೆವ್ವ ಬರ್ತತಿ ಅಂತ ಬಾಗಿಲ ಮ್ಯಾಲೆ ‘ನಾಳೆ ಬಾ’ ಬರೆದ್ರು. ಅಂಥದೇ ಕತೆ 2018ರಾಗೆ ‘ಸ್ತ್ರೀ’ ಅನ್ನೋ ಹಿಂದಿ ಸಿನಿಮಾ ಆತು.

ರುದ್ರಪ್ಪ: ನೋಡೀನಿ. ಒಂಚೂರೂ ವಾಸ್ತವ ಇಲ್ಲ. ನಮ್ಮನೆ ಬಾಗಿಲ ಬರಹ ಮಾತ್ರ ಇನ್ನೂ ಅಳಿಸಿಲ್ಲ.

ಶಿವಣ್ಣ: ನಗೋ ಮಾತಲ್ಲ. ಅದೇ ವರ್ಷ ಬೀದರ್ ಜಿಲ್ಲೆ ಮುರ್ಕಿಯಾಗೆ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ವದಂತಿ ನಂಬಿ ಹೈದರಾಬಾದಿನ ಎಂಜಿನಿಯರ್ ಒಬ್ಬನ್ನ ಹೊಡೆದು ಕೊಂದ್ರು. ಅದೇ ತಿಂಗಳು ಫಾರ್ವರ್ಡಿಗೆ ಐದರ ಮಿತಿ ಹಾಕಿದ್ರು.

ರುದ್ರಪ್ಪ: ಅದಕ್ಕೇ ನಾನು ಮೂರು ಫೋನ್ ಇಟ್ಕಂಡೀನಿ.

(ಎದ್ದು 10 ರೂಪಾಯಿ ನಾಣ್ಯ ಚಾಚುತ್ತಾನೆ.)

ಅಂಗಡಿಯವ: ಇದು ನಡೆಯಂಗಿಲ್ಲ ಯಜಮಾನ್ರೇ.

ರುದ್ರಪ್ಪ: ಯಾರಂದ್ರು? 14 ವಿನ್ಯಾಸಾನೂ ನಡೀತಾವೆ ಅಂತ 2018ರಾಗೇ ರಿಸರ್ವ್ ಬ್ಯಾಂಕು ಹೇಳೈತಿ!

ಅಂಗಡಿಯವ: ಬ್ಯಾಂಕು ನಮ್ಮ ಗ್ರೂಪಿನಾಗೆ ಇಲ್ರೀ. ನಡೆಯಂಗಿಲ್ಲ ಅಂತ ಗ್ರೂಪಿಗೆ ಹಾಕಿದ್ದು ನೀವೇ.