ಉಸಾಬರಿ ಸಂಗ್ರಹ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಿಬಿಡಬೇಕು. ಇಲ್ಲದಿದ್ದರೆ ಪಂಡಿತರು ಪುಸ್ತಕ ಮುಟ್ಟುವುದಿಲ್ಲ. ವಿಷಯ: ಇನ್ನೊಬ್ಬರು ಹೇಗೆ ನಡೆಯಬೇಕು ಎಂದು ನಾವು ತಲೆ ಕೆಡಿಸಿಕೊಳ್ಳುವುದು, ಅರ್ಥಾತ್ ಉಸಾಬರಿ. ಪ್ರಯೋಜನ: ಅದರಿಂದ ಬಿಡುಗಡೆ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಮಗನಿಗೆ ಮಗ ಹುಟ್ಟಿದ ಮೇಲೂ ‘ಗಾಡಿ ನಿಧಾನಕ್ ಓಡ್ಸು’ ಎನ್ನುವ ತಂದೆ. ಸಂಬಂಧ: ಆ ತಂದೆಗೂ ಗ್ರಂಥಕರ್ತನಿಗೂ ಇರುವುದು ಅಭೇದ ಸಂಬಂಧ.

ಮಂಗಳಾಚರಣೆಗೆ ದೂರ ಹೋಗಬೇಕಿಲ್ಲ. ಬೆಟ್ಟದಪುರದ ಬೆಟ್ಟ ಸಮುದ್ರಮಟ್ಟದಿಂದ 4,389 ಅಡಿ. ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನ. ಸಿಡಿಲೇ ಬಂದು ಸ್ವಾಮಿಯನ್ನು ಮುಟ್ಟಿ ಹೋಗುತ್ತದೆ ಎಂಬುದು ನಂಬಿಕೆ. ಯಾವಾಗ ಬಾ, ಯಾವ ಕಡೆಯಿಂದ ಬಾ ಎಂದು ಸಿಡಿಲಿಗೆ ಹೇಳಿದವರು ಯಾರೂ ಇಲ್ಲ. ಈ ಸೀಮೆಯಲ್ಲಿ ಯಾರ ಬುದ್ಧಿವಾದವನ್ನೂ ಕೇಳಿಸಿಕೊಳ್ಳದ ಏಕೈಕ ಪದಾರ್ಥ ಅದು. ಮೇಲೆ ಹೋಗಲು ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಎಣಿಸುತ್ತ ಹತ್ತಿದ ಇಬ್ಬರು ಒಂದೇ ಲೆಕ್ಕ ಹೇಳಿದ್ದನ್ನು ನಾನು ಕೇಳಿಲ್ಲ. ಕಾರಣ ಸರಳ: ಏಳುನೂರನೆಯ ಮೆಟ್ಟಿಲ ಹತ್ತಿರ ಪಕ್ಕದವನಿಗೆ ‘ಬಾಯಲ್ಲಿ ಉಸಿರು ತಗೋಬೇಡ’ ಎಂದು ಹೇಳಲು ಹೋಗಿ ಎಣಿಕೆ ತಪ್ಪಿರುತ್ತದೆ.

ಅನ್ನಂಭಟ್ಟನ ತರ್ಕಸಂಗ್ರಹ ಓದಿದವರಿಗೆಲ್ಲ ಒಂದು ಬೆಟ್ಟ ಗೊತ್ತು. ಅಲ್ಲಿ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ, ಅಡಿಗೆಮನೆಯ ಹಾಗೆ. ಅದು ಯಾವ ಊರಿನ ಬೆಟ್ಟವೆಂದು ಅನ್ನಂಭಟ್ಟ ಬರೆದಿಲ್ಲ. ನಮ್ಮೂರಿನದೇ ಎಂಬುದು ನನ್ನ ಸಂಶೋಧನೆ. ಆಕ್ಷೇಪ: ಆ 17ನೇ ಶತಮಾನದಲ್ಲಿ ಇಲ್ಲಿ ಹೊಗೆಸೊಪ್ಪಿನ ಬ್ಯಾರನ್ ಎಲ್ಲಿತ್ತು? ಸಮಾಧಾನ: ದೊಡ್ಡ ತಾರ್ಕಿಕರಿಗೆ ಮುಂದೆ ಏಳಲಿರುವ ಹೊಗೆಯೂ ಕಾಣುತ್ತದೆ. ಅದೂ ಸಾಲದೆಂದರೆ, ಇದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ ನೋಡಿ. ಸೆರಾ ಮಠದ ಟಿಬೆಟನ್ ಭಿಕ್ಷುಗಳು ಧರ್ಮಕೀರ್ತಿಯ ತರ್ಕವನ್ನು ಅಂಗೈ ಚಟ್ಟನೆ ತಟ್ಟಿ ತಟ್ಟಿ ವಾದಿಸುತ್ತಾರೆ. ಅವರ ಪಾಠದಲ್ಲೂ ಇದೇ ಹೊಗೆ, ಇದೇ ಬೆಂಕಿ. ಒಂದೇ ತಾಲ್ಲೂಕಿನಲ್ಲಿ ಹೊಗೆಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿರಲಾರದು.

ಪರಸ್ಥಳದ ಓದುಗರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಹೊಲದ ಪಕ್ಕ, ಗೋಪುರವಾಗಲು ಹೊರಟು ನಡುವೆ ಮನಸ್ಸು ಬದಲಾಯಿಸಿದಂಥ ಎತ್ತರದ ಮೊಂಡು ಕಟ್ಟಡಗಳು ಕಾಣುತ್ತವಲ್ಲ, ಅವೇ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಅಂತಸ್ತಂತಸ್ತಾಗಿ ತೂಗುಹಾಕುತ್ತಾರೆ. ಒಲೆಯ ಬಾಯಿ ಹೊರಗೆ. ಹೊಗೆ ದಪ್ಪ ತಗಡಿನ ಕೊಳವೆಯೊಳಗೇ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತದೆ. ಸೊಪ್ಪಿಗೆ ತಾಗುವುದು ಕಾವು ಮಾತ್ರ. ಮೊದಲು 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ 160ರ ಹತ್ತಿರ ನಡುದಂಟು ಒಣಗಬೇಕು. ಐದಾರು ದಿನ, ಹಗಲೂ ರಾತ್ರಿ ಕಾವಲು. ಕಾವು ಅವಸರದಲ್ಲಿ ಏರಿದರೆ ಸೊಪ್ಪು ಕೆಟ್ಟಿತು, ತಡವಾದರೂ ಕೆಟ್ಟಿತು. ಒಳಗೆ ತೂಗುಬಿಟ್ಟ ಥರ್ಮಾಮೀಟರನ್ನು ಗಾಜಿನ ಕಿಂಡಿಗೆ ಟಾರ್ಚು ಹಿಡಿದು ನೋಡಬೇಕು.

ಇಂಥ ಒಂದು ಬ್ಯಾರನ್ನನ್ನು ನಾಲ್ಕು ವರ್ಷದ ಹಿಂದೆ ನಾನು ಮಗನಿಗೆ ವಹಿಸಿಕೊಟ್ಟೆ. ವಹಿಸಿಕೊಟ್ಟೆ ಎಂದು ಊರೆಲ್ಲ ಹೇಳಿಕೊಂಡೂ ಬಂದೆ. ಅಂದಿನಿಂದ ನಮ್ಮ ಹೊಲದಲ್ಲಿ ಹೊಸ ವ್ಯಾಪ್ತಿಯೊಂದು ಸ್ಥಾಪಿತವಾಗಿದೆ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಅಪ್ಪ.

ಪ್ರತ್ಯಕ್ಷ ಪ್ರಮಾಣಕ್ಕೆ ಒಂದು ರಾತ್ರಿ ಸಾಕು. ಎರಡೂವರೆ ಗಂಟೆ, ಜಿಟಿಜಿಟಿ ಮಳೆ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಕಾಲಿಡುತ್ತ ಹೋದೆ. ಮಗ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೌದೆಯ ಬುಡ ಒಳಕ್ಕೆ ತಳ್ಳುತ್ತಿದ್ದ. ನಾನು ಮಾತಾಡಲಿಲ್ಲ. ಕಿಂಡಿಗೆ ಟಾರ್ಚು ಬಿಟ್ಟೆ. ಪಾದರಸ ಇರಬೇಕಾದಲ್ಲೇ ಇತ್ತು. ನನಗೆ ಸಮಾಧಾನವಾಗಬೇಕಿತ್ತು; ಆದದ್ದು ನಿರಾಸೆ. ಈ ನಿರಾಸೆಯನ್ನು ಯಾವ ಆಲಂಕಾರಿಕನೂ ರಸಗಳ ಪಟ್ಟಿಗೆ ಸೇರಿಸಿಲ್ಲ.

“ಯಾಕಪ್ಪಾ ಬಂದೆ?” ಅಂದ.

“ಸುಮ್ನೆ. ನಿದ್ದೆ ಬರ್ನಿಲ್ಲ.”

“ನಿದ್ದೆ ಬರ್ದಿದ್ರೆ ನಂಗೆ ಬತ್ತದೆ, ನೀ ಕೂತ್ಕೋ, ನಾ ಮನಿಕತೀನಿ.”

ಕೂತರೆ ಹೊಣೆ ನನ್ನದಾಗುತ್ತದೆ. ಉಸಾಬರಿಗೆ ಅಧಿಕಾರ ಬೇಕು, ಹೊಣೆ ಬೇಡ. ಇದೇ ಅದರ ಅಸಾಧಾರಣ ಲಕ್ಷಣ. ನಾನು ಕೂರಲಿಲ್ಲ. “ಸೌದೆ ಸ್ವಲ್ಪ ಕಮ್ಮಿ ಹಾಕು” ಎಂದು ಹೇಳಿ ಮನೆಗೆ ಬಂದೆ. ಕಡಿಮೆ ಹಾಕಲು ಯಾವ ಕಾರಣವೂ ಇರಲಿಲ್ಲ. ಬಂದದ್ದಕ್ಕೆ ಏನಾದರೂ ಹೇಳಿ ಹೋಗಬೇಕಲ್ಲ.

ಭೇದಗಳನ್ನು ಬೇಗ ಮುಗಿಸುತ್ತೇನೆ. ವಾಚಿಕ, ನೇತ್ರಿಕ, ದೂರವಾಣಿಕ ಎಂದು ಉಸಾಬರಿ ಹಲವು ಬಗೆ. ಎಲ್ಲಕ್ಕಿಂತ ಬಲಿಷ್ಠವಾದದ್ದು ಕೆಮ್ಮಿಕ. ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು: ಸೊಸೆ ಟೀವಿ ಸಣ್ಣ ಮಾಡುತ್ತಾಳೆ, ಮೊಮ್ಮಗ ಮೊಬೈಲನ್ನು ದಿಂಬಿನಡಿ ತಳ್ಳುತ್ತಾನೆ, ಮಗ ನೆಟ್ಟಗೆ ಕೂರುತ್ತಾನೆ. ಯಾರೂ ಏನೂ ಹೇಳಿಲ್ಲವಾದ್ದರಿಂದ ಯಾರೂ ಜಗಳಕ್ಕೂ ಬರುವಂತಿಲ್ಲ. ನನಗೆ ನಿಜವಾಗಿ ಕೆಮ್ಮು ಬಂದಾಗಲೂ ಮನೆಯವರು ಹೀಗೇ ಚದುರುತ್ತಾರೆ, ಕಷಾಯ ಕೊಡುವವರಿಲ್ಲ. ಇದು ಈ ಪ್ರಕಾರದ ದೋಷ.

ಈಗ ಪೂರ್ವಪಕ್ಷ. ‘ನಾನು ನೋಡದಿದ್ದರೆ ಸೊಪ್ಪು ಹಾಳಾಗುತ್ತದೆ’ ಎಂಬುದು ಪ್ರತಿಜ್ಞೆ. ‘ನಾನು ನೋಡಿದಾಗಲೆಲ್ಲ ಚೆನ್ನಾಗಿ ಬಂದಿರುವುದರಿಂದ’ ಎಂಬುದು ಹೇತು. ಆದರೆ ನಾನೇ ಖುದ್ದು ಕಾದ ಬ್ಯಾರನ್ನಿನಲ್ಲೂ ಒಮ್ಮೆ ಸೊಪ್ಪು ಕಪ್ಪಾಗಿತ್ತು. ಹೇತು ಒಂದು ಕಡೆ ಇದ್ದು ಸಾಧ್ಯ ಇಲ್ಲದೆ ಹೋದರೆ ತಾರ್ಕಿಕರು ಅದನ್ನು ವ್ಯಭಿಚಾರ ಎನ್ನುತ್ತಾರೆ. ಈ ಭಾಗವನ್ನು ನಾನು ಜಗಲಿಯಲ್ಲಿ ಗಟ್ಟಿಯಾಗಿ ಓದಿ ತಪ್ಪು ಮಾಡಿದೆ. “ಯಾರ್ದದು?” ಎಂದು ಒಳಗಿನಿಂದ ಮನೆಯವಳು ಬಂದಳು. ನ್ಯಾಯಶಾಸ್ತ್ರದ ಪರಿಭಾಷೆ ಬಿಡಿಸಿ ಹೇಳುವಷ್ಟರಲ್ಲಿ ಸಾರು ತಣ್ಣಗಾಗಿತ್ತು. ಎಲ್ಲ ಕೇಳಿದ ಮೇಲೆ ಅವಳು ಅಂದದ್ದು: “ನೀವೊಬ್ರು ಇಲ್ದೆದ್ರೆ ಆ ಸೊಪ್ಪು ಬೇಯಾಕಿಲ್ವಾ?” ನಾನು ಎರಡು ಪುಟದಲ್ಲಿ ಬರೆದಿದ್ದ ಖಂಡನೆ ಇದೇ.

ಐತಿಹ್ಯ ಪ್ರಮಾಣವೂ ಊರಲ್ಲೇ ಇದೆ. ಬೆಟ್ಟದಪುರ ಸಂಕೇತಿಗಳ ಊರು. ಅವರ ಒಂದು ಪಂಗಡದ ಹೆಸರೇ ಬೆಟ್ಟದಪುರದ್ದು. ಶೆಂಗೋಟೆಯ ಕಡೆ ನಾಚಾರಮ್ಮ ಎಂಬ ವಿದ್ವಾಂಸೆ ಇದ್ದಳಂತೆ. ಹೆಂಗಸಿಗೆ ಇಷ್ಟು ಓದು ಸಲ್ಲದೆಂದು ಅಲ್ಲಿನ ಪಂಡಿತರು ಅವಳನ್ನು ಹದ್ದಿನಲ್ಲಿಡಲು ಹೋಗಿ ಅವಮಾನ ಮಾಡಿದರಂತೆ. ಅವಳು ಶಾಪ ಹಾಕಿ ಊರು ಬಿಟ್ಟಳು, ನಂಬಿದವರು ಹಿಂದೆ ಹೊರಟರು, ಅವರೇ ಸಂಕೇತಿಗಳಾಗಿ ಈ ಕಡೆ ನೆಲೆಸಿದರು ಎಂಬುದು ಕಥೆ. ಒಬ್ಬಳನ್ನು ಹಿಡಿದಿಡಲು ಹೋದವರ ಕೈಗೆ ಅವಳೂ ಸಿಗಲಿಲ್ಲ, ಜನರೂ ಉಳಿಯಲಿಲ್ಲ. ಲಾಭವಾದದ್ದು ನಮ್ಮೂರಿಗೆ.

ರಾಜ್ಯಾಂಗದ ಪ್ರಮಾಣ ಬೇಕೆನ್ನುವವರಿಗೆ ತಂಬಾಕು ಮಂಡಳಿಯಿದೆ. 1976ರಿಂದ ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು, ಯಾವ ಬ್ಯಾರನ್ನಿಗೆ ಲೈಸೆನ್ಸು ಎಂಬುದಕ್ಕೆಲ್ಲ ಲೆಕ್ಕ ಇಡುತ್ತಿದೆ. ಕಾಯ್ದೆಯ ಬಲ, ಗುಂಟೂರಿನಲ್ಲಿ ಕೇಂದ್ರ ಕಚೇರಿ, ಸಾಲದ್ದಕ್ಕೆ ಸೀಲು. ಆದರೂ ಮಿತಿ ಮೀರಿ ಬೆಳೆಯುವುದು ನಿಂತಿಲ್ಲ. ಬೆಳೆದುಬಿಟ್ಟದ್ದನ್ನು ದಂಡ ಹಾಕಿಯೋ ಮನ್ನಾ ಮಾಡಿಯೋ ಮಾರಲು ಬಿಡುವುದೂ ಉಂಟು. ಭಾರತ ಸರ್ಕಾರಕ್ಕೆ ಆಗದ್ದು ಟಾರ್ಚು ಹಿಡಿದ ಒಬ್ಬ ನಿವೃತ್ತ ಮೇಷ್ಟ್ರಿಗೆ ಆದೀತೆ? ಗ್ರೀಕರ ಎಪಿಕ್ಟೆಟಸ್ ನಮ್ಮ ಕೈಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಚೆನ್ನಾಗಿ ವಿಂಗಡಿಸಿದ್ದಾನೆ, ನಿಜ. ಆದರೆ ಅವನು ಬಹುಕಾಲ ಒಬ್ಬಂಟಿ. ಅವನಿಗೆ ವಿಂಗಡಿಸುವುದು ಸುಲಭ.

ಸಿದ್ಧಾಂತಕ್ಕೆ ಬರುವ ಮುಂಚೆ ಉಪಾಧಿ ಹೇಳಬೇಕು. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ. ಹಸಿ ಸೌದೆ ಸೇರಿದರೆ ಮಾತ್ರ ಹೊಗೆ. ಇದನ್ನು ತಾರ್ಕಿಕರು ಗುಡಿಸಲಲ್ಲಿ ಕೂತು ಕಂಡುಕೊಂಡರು, ನಾವು ಪ್ರತಿ ಶ್ರಾವಣದಲ್ಲಿ ಕಣ್ಣುಜ್ಜಿಕೊಂಡು ಕಾಣುತ್ತೇವೆ. ಅದರಂತೆ ಮಗನ ಮೇಲಿನ ಮಮತೆ ಬೆಂಕಿ, ಉಸಾಬರಿ ಹೊಗೆ. ಹಸಿ ಸೌದೆ ಯಾವುದು? ಮಗ ಕೆಡಿಸಿಬಿಟ್ಟಾನು ಎಂಬ ಭಯ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ನಾನಿಲ್ಲದೆಯೂ ಅವನಿಗೆ ಚೆನ್ನಾಗಿ ಬಂದುಬಿಟ್ಟೀತು ಎಂಬ ಭಯ. ಅದೇ ಹೆಚ್ಚು ಹಸಿ.

ಮತ್ತು ಹಾಗೇ ಆಯಿತು. ಹೋದ ವರ್ಷ ಒಂದು ಬ್ಯಾರನ್ನಿನಷ್ಟು ದಿನ ನಾನು ಜ್ವರದಲ್ಲಿ ಮಲಗಿದ್ದೆ. ಹೋಗುವುದಿರಲಿ, ಕೆಮ್ಮಲೂ ತ್ರಾಣವಿರಲಿಲ್ಲ. ಆ ಸೊಪ್ಪನ್ನೂ, ಅದಕ್ಕೆ ಮುಂಚೆ ನಾನು ರಾತ್ರಿಯೆಲ್ಲ ಕಾದ ಸೊಪ್ಪನ್ನೂ ಮಗ ಬೇರೆ ಬೇರೆ ಬೇಲ್ ಮಾಡಿ ಒಂದೇ ದಿನ ಹರಾಜಿಗೆ ಒಯ್ದ. ಎರಡಕ್ಕೂ ಒಂದೇ ದರ್ಜೆ ಬರೆದರು. ಚೀಟಿಯನ್ನು ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ.

ಈ ಗ್ರಂಥ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು. ಬ್ಯಾರನ್ ಉರಿಯುತ್ತಿದೆ, ಟಾರ್ಚಿನ ಸೆಲ್ಲುಗಳನ್ನು ಮಗ ತೆಗೆದಿಟ್ಟುಕೊಂಡಿದ್ದಾನೆ. ಓದುಗರಲ್ಲಿ ಯಾರಾದರೂ ಆ ದಾರಿಯಲ್ಲಿ ಹೋದರೆ ಕಿಂಡಿಯಲ್ಲಿ ಒಮ್ಮೆ ಇಣುಕಿ, ಬೇಡ ಅನ್ನುವುದಿಲ್ಲ. ಎಷ್ಟು ಡಿಗ್ರಿ ಇತ್ತೆಂದು ನನಗೆ ಮಾತ್ರ ಬಂದು ಹೇಳಬೇಡಿ.