ಲಂಡನ್ನಿನ ಮಳೆಯಾಟ

ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲು ಸಿಪಾಯಿಗಳು ಪಾಳಿ ಬದಲಿಸುವುದನ್ನು ನೋಡದೆ ಮರಳಿದರೆ, ಲಂಡನ್ನಿಗೆ ಹೋಗಿದ್ದೆವೆಂದು ಊರಲ್ಲಿ ಯಾರೂ ನಂಬುವುದಿಲ್ಲ. ಹಾಗಾಗಿ ಮಳೆಯಲ್ಲೇ ಹೋಗಿ ಬೇಲಿಗೆ ಆತುಕೊಂಡು ನಿಂತೆವು. ಕರಡಿತೊಗಲಿನ ಟೋಪಿಯವರು ಬರಲಿಲ್ಲ. ಜೋರು ಮಳೆಯಾದರೆ ಆ ಮೆರವಣಿಗೆ ರದ್ದು. ಅಲ್ಲಿನ ಪದ್ಧತಿಯೇ ಹಾಗೆ.

“ಸೂರ್ಯ ಮುಳುಗದ ಸಾಮ್ರಾಜ್ಯ ಕಟ್ಟಿದವರಿಗೆ ಮಳೆಯೆಂದರೆ ಹೆದರಿಕೆಯೇನ್ರೀ?” ಅಂದಳು ಹೆಂಡತಿ.

“ಇಲ್ಲಿ ಕಾಣದ ಸೂರ್ಯನನ್ನು ಹುಡುಕಿಕೊಂಡೇ ಅಷ್ಟು ದೂರ ಹೋದದ್ದು ಮಾರಾಯ್ತಿ,” ಅಂದೆ.

ಮಧ್ಯಾಹ್ನ ಥೇಮ್ಸ್ ದಾಟಿ ಗ್ಲೋಬ್ ರಂಗಮಂದಿರಕ್ಕೆ ಹೋದೆವು. ಶೇಕ್ಸ್‌ಪಿಯರನ ಕಾಲದ ಗ್ಲೋಬ್ 1613ರಲ್ಲಿ, ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಸುಟ್ಟುಹೋಯಿತು. ಒಬ್ಬನ ಚಲ್ಲಣಕ್ಕೆ ಹತ್ತಿದ ಬೆಂಕಿಯನ್ನು ಬಾಟಲಿಯ ಬಿಯರ್ ಸುರಿದು ಆರಿಸಿದರಂತೆ. ಮಳೆ ಬರಬೇಕಾಗಿದ್ದುದು ಆವತ್ತು! ಅಮೆರಿಕದ ನಟ ಸ್ಯಾಮ್ ವಾನಮೇಕರ್ ಹಠ ಹಿಡಿದು ಶುರುಮಾಡಿಸಿದ ಈಗಿನ ಗ್ಲೋಬ್ ಬಾಗಿಲು ತೆರೆದದ್ದು 1997ರಲ್ಲಿ. ನಗರವನ್ನೇ ಸುಟ್ಟ 1666ರ ಬೆಂಕಿಯ ಬಳಿಕ ಲಂಡನ್ನಿನಲ್ಲಿ ಹುಲ್ಲುಮಾಡಿಗೆ ಅನುಮತಿ ಸಿಕ್ಕಿದ್ದು ಇದಕ್ಕೇ ಮೊದಲು. ಆದರೆ ನಡುವಿನ ಅಂಗಳಕ್ಕೆ ಆಕಾಶವೇ ಮಾಡು. ಅಗ್ಗದ ಟಿಕೆಟ್ಟಿನವರು ಅಲ್ಲೇ ನಿಂತು ನೋಡಬೇಕು. ಕೂರುವಂತಿಲ್ಲ, ಹಿಂದಿನವರಿಗೆ ಮರೆಯಾಗುವುದರಿಂದ ಕೊಡೆ ಬಿಚ್ಚುವಂತೆಯೂ ಇಲ್ಲ. ನಾವು ಅಗ್ಗದವರೇ.

ಆವತ್ತಿನ ನಾಟಕ ‘ದ ಟೆಂಪೆಸ್ಟ್’. ಬಿರುಗಾಳಿಗೆ ಸಿಕ್ಕಿ ಹಡಗು ಕಳೆದುಕೊಂಡವರು ರಂಗಕ್ಕೆ ಬಂದರು. ಸಮುದ್ರದ ಪಾಲಾದರೂ ಬಟ್ಟೆ ಹೊಸದರಂತೆಯೇ ಇದೆಯಲ್ಲ ಎಂದು ಮುದುಕ ಗೊನ್ಜಾಲೊ ಬೆರಗಾಗುವ ಮಾತೊಂದು ಅದರಲ್ಲಿದೆ. ಆ ಮಾತಾಡುತ್ತ ನಟ ಮಾಡಿನಂಚಿಗೆ ಬಂದ, ತೋಳನ್ನು ಸವರಿಕೊಂಡ, ಪ್ಲಾಸ್ಟಿಕ್ ಕೋಟಿನೊಳಗೆ ನಿಂತಿದ್ದ ನಮ್ಮನ್ನು ಅಡಿಯಿಂದ ಮುಡಿವರೆಗೆ ನೋಡಿದ. ಹಡಗು ಮುಳುಗಿದವರ ಮೈಮೇಲೆ ಹನಿ ನೀರಿಲ್ಲ, ಟಿಕೆಟ್ ಕೊಂಡವರು ತೊಯ್ದು ತೊಪ್ಪೆ! ಅಂಗಳಕ್ಕೆ ಅಂಗಳವೇ ನಕ್ಕಿತು. ಒಬ್ಬರೂ ಎದ್ದು ಹೋಗಲಿಲ್ಲ, ಕೂತಿದ್ದರಲ್ಲವೇ ಏಳುವುದು!

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆಯುವ ತನಕ ತಿರುಗಾಟವಿಲ್ಲ. ಲಂಡನ್ನಿನವರಿಗೆ ಆ ಸೌಕರ್ಯವಿಲ್ಲ. ಮಳೆಗೊಂದು ಕಾಲವಿದ್ದರಲ್ಲವೇ ಗೆಜ್ಜೆ ಬಿಚ್ಚಿಡಲು!

ಹೋಗುವವರಿಗೆ ನನ್ನದೊಂದು ಸಲಹೆ. ಅಲ್ಲಿ ಮಳೆ ಹಿಡಿದರೆ ಅರಮನೆ ಬಿಟ್ಟು ಆಟಕ್ಕೆ ನಡೆಯಿರಿ. ಸಿಪಾಯಿಗೆ ರಜೆಯುಂಟು, ನಟನಿಗಿಲ್ಲ. ಕೊಡೆ ಬೇಡ, ರೇನ್‌ಕೋಟು ಇರಲಿ. ಇನ್ನೊಂದು ಜೊತೆ ಕಾಲುಚೀಲವನ್ನಂತೂ ಮರೆಯಬೇಡಿ.