ಇಡ್ಲಿ ಹಿಟ್ಟಿಗೊಂದು ಕಂಪ್ಯೂಟರ್ ಕಾವಲು

ಚಳಿಗಾಲ ಬಂತು ನೋಡಿ. ಬೆಂಗಳೂರಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತೆ, ಸಂಜೆ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಮುಚ್ಚಳ ತೆಗೆದ್ರೆ ಇದ್ದಷ್ಟೇ ಇರುತ್ತೆ. ಮನೇಲಿ ಅಮ್ಮ ಏನ್ಮಾಡ್ತಾರೆ? ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಲೆ ಪಕ್ಕ ಇಡ್ತಾರೆ. ಖರ್ಚು ಸೊನ್ನೆ. ಆದ್ರೆ ನೀವು ಇಂಜಿನಿಯರು (ಅಥವಾ ಯೂಟ್ಯೂಬ್ ನೋಡಿ ಆದವರು), ನಿಮಗೆ ಕಂಬಳಿ ಸಾಕಾಗುತ್ತಾ?

ನಿಜ ಹೇಳಿ, ನಿಮ್ಮ ಡ್ರಾಯರ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ ಬಿದ್ದಿದೆ ತಾನೇ? ಮಕ್ಕಳು ಪ್ರೋಗ್ರಾಮಿಂಗ್ ಕಲೀಲಿ ಅಂತ ಕೇಂಬ್ರಿಡ್ಜಿನವರು 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಿಟ್ಟ ಪುಟಾಣಿ ಕಂಪ್ಯೂಟರ್ ಅದು. ನೀವೂ ಮಗಳ ಹೆಸರಲ್ಲೇ ತರಿಸಿದ್ರಿ. ಅವಳು ಮುಟ್ಟಲಿಲ್ಲ, ನೀವು ಬಿಡಲಿಲ್ಲ. ಅವತ್ತಿಂದ ಅದಕ್ಕೊಂದು ಕೆಲಸ ಹುಡುಕ್ತಾನೇ ಇದ್ದೀರಿ. ಹಿಟ್ಟು ಬರೀ ನೆಪ ಅಂತ ನನಗೂ ಗೊತ್ತು, ನಿಮಗೂ ಗೊತ್ತು. (ಮನೆಯವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಪಾಪ.)

ಶನಿವಾರ ಸವಾರಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ. ಬೇಕಾಗಿದ್ದು ಶಾಖ ಅಳೆಯೋ ಡಿಎಸ್18ಬಿ20 ಅನ್ನೋ ಸೆನ್ಸರ್ ಒಂದು, 4.7 ಕಿಲೋ ಓಮ್ ರೆಸಿಸ್ಟರ್ ಒಂದು, ಹಿಟ್ಟಿಗೆ ಬಿಸಿ ಕೊಡೋಕೆ ಬಲ್ಬು-ಹೋಲ್ಡರ್ ಒಂದು, ಆ ಬಲ್ಬನ್ನ ಆನ್-ಆಫ್ ಮಾಡೋ ರಿಲೇ ಒಂದು, ಪಾತ್ರೆ ಇಡೋಕೆ ದೊಡ್ಡ ಥರ್ಮಾಕೋಲ್ ಡಬ್ಬ ಒಂದು. ವಾಪಸ್ ಬರುವಾಗ ಚೀಲದಲ್ಲಿ ಏನೇನಿತ್ತು? ‘ಇರಲಿ, ಯಾವಾಗಲಾದ್ರೂ ಬೇಕಾಗುತ್ತೆ’ ಅಂತ ತಂದ ಮೋಟರು, ಎಲ್‌ಇಡಿ ಪಟ್ಟಿ, ಇನ್ನೊಂದು ಸೋಲ್ಡರಿಂಗ್ ಐರನ್. ಬಿಲ್ಲು ಮಾತ್ರ ಅಲ್ಲೇ ಕಸದ ಬುಟ್ಟಿಗೆ ಹೋಯ್ತು, ಅಲ್ವಾ?

ಜೋಡಿಸೋದು ಕಷ್ಟವೇನಲ್ಲ ಬಿಡಿ. ಸೆನ್ಸರಿಗೆ ಮೂರೇ ವೈರು. ಒಂದು 3.3 ವೋಲ್ಟಿಗೆ, ಒಂದು ಗ್ರೌಂಡಿಗೆ, ಡೇಟಾ ವೈರು ಪೈನ ಜಿಪಿಐಒ 4 ಅನ್ನೋ ಪಿನ್ನಿಗೆ. ಡೇಟಾಗೂ 3.3ಕ್ಕೂ ನಡುವೆ ಆ ರೆಸಿಸ್ಟರ್. ಇಷ್ಟಾದ್ರೆ ಪರದೆ ಮೇಲೆ 28562 ಅಂತ ಬರುತ್ತೆ. ಸಾವಿರದಿಂದ ಭಾಗಿಸಿ, 28.562 ಡಿಗ್ರಿ! ಸೆನ್ಸರ್ ಖಾತ್ರಿ ಕೊಡೋದು ಅರ್ಧ ಡಿಗ್ರಿ ಆಚೆ-ಈಚೆಗೆ. ನೀವು ಆಫೀಸಲ್ಲಿ ಹೇಳೋದು ಮಾತ್ರ ಮೂರೂ ದಶಾಂಶ ಸೇರಿಸಿ.

ನಡುವೆ ಒಮ್ಮೊಮ್ಮೆ ದಿಢೀರಂತ 85 ಅಂತ ತೋರಿಸಿದ್ರೆ ಅಡುಗೆಮನೆಗೆ ಓಡಬೇಡಿ. ಹಿಟ್ಟು ಬೆಂದಿಲ್ಲ. ಕರೆಂಟ್ ಬಂದ ಹೊಸದರಲ್ಲಿ, ಇನ್ನೂ ಅಳೆಯೋಕೆ ಮುಂಚೆ, ಸೆನ್ಸರ್ ಕೊಡೋ ಸಿದ್ಧ ಉತ್ತರ ಅದು. ಸರಿಯಾಗಿ ಅಳೆಯೋಕೆ ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು. (ಕೇಳಿದ ತಕ್ಷಣ ಬಾಯಿಗೆ ಬಂದಿದ್ದು ಹೇಳೋ ಅಭ್ಯಾಸ ನಮಗೆಲ್ಲ ಇಲ್ವಾ? ಅದನ್ನೊಂದನ್ನೇ ಯಾಕೆ ಬೈತೀರಿ?)

ಈಗ ಅಸಲಿ ವಿಷಯ. 30 ಡಿಗ್ರಿಗಿಂತ ಕೆಳಗಿಳಿದ್ರೆ ಬಲ್ಬು ಆನ್, ಮೇಲೇರಿದ್ರೆ ಆಫ್ ಅಂತ ಬರೆದ್ರಿ. ರಿಲೇ ರಾತ್ರಿಯಿಡೀ ಟಕ್ ಟಕ್ ಅಂತ ಎಲ್ಲರ ನಿದ್ದೆ ಕೆಡಿಸಿತು. ಮದ್ದು ಸುಲಭ: 29ಕ್ಕೆ ಆನ್, 31ಕ್ಕೆ ಆಫ್, ನಡುವೆ ಒಂಚೂರು ಅಂತರ. ಹಿಟ್ಟು ಹುದುಗಿಸೋ ಲ್ಯೂಕೊನಾಸ್ಟಾಕ್ ಬ್ಯಾಕ್ಟೀರಿಯಾ ಒಂದೆರಡು ಡಿಗ್ರಿಗೆಲ್ಲ ಮುನಿಸಿಕೊಳ್ಳಲ್ಲ. ಕೆಲಸ ಮುಗೀತು, ಮಲಕ್ಕೊಳ್ಳಿ.

ಮಲಗಿದ್ರಾ? ಇಲ್ಲ! ಬಲ್ಬು ಆರಿದ ಮೇಲೂ ಶಾಖ ಸ್ವಲ್ಪ ಹೊತ್ತು ಏರುತ್ತೆ, ಗ್ರಾಫಿನಲ್ಲಿ ಗುಡ್ಡ-ಕಣಿವೆ ಕಾಣುತ್ತೆ, ನಿಮಗೆ ಸಹಿಸೋಕಾಗಲ್ಲ. ‘ಪಿಐಡಿ ಹಾಕಬೇಕು’ ಅಂದ್ರಿ, ಅಂದ್ರೆ ಎಷ್ಟು ಶಾಖ ಬೇಕೋ ಅಷ್ಟನ್ನೇ ಲೆಕ್ಕ ಹಾಕಿ ಕೊಡೋ ವಿಧಾನ. ಹಡಗು ತನ್ನಷ್ಟಕ್ಕೆ ದಾರಿ ಹಿಡಿದು ಹೋಗಲಿ ಅಂತ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಪ್ರಕಟಿಸಿದ ಗಣಿತ ಅದು. ಅದನ್ನು ಹದ ಮಾಡೋ ಸೂತ್ರ ಕೊಟ್ಟವರು ಜೀಗ್ಲರ್ ಮತ್ತು ನಿಕೋಲ್ಸ್, 1942ರಲ್ಲಿ. ಇಷ್ಟೆಲ್ಲ ಈಗ ನಾಲ್ಕು ಪ್ಲೇಟ್ ಇಡ್ಲಿ ಸೇವೆಗೆ. ಪಿಐಡಿ ಪದೇ ಪದೇ ಆನ್-ಆಫ್ ಮಾಡಿದ್ರೆ ಸಾದಾ ರಿಲೇ ಸವೆದುಹೋಗುತ್ತೆ, ಸಾಲಿಡ್ ಸ್ಟೇಟ್ ರಿಲೇ ಬೇಕು. ಮತ್ತೆ ಎಸ್‌ಪಿ ರೋಡ್! (ಮುಖದಲ್ಲಿ ಆ ನಗು ಯಾಕೆ?)

ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಮೊಬೈಲ್ ಬೆಳಕು. ‘ಏನ್ರೀ ಅದು, ಹಿಟ್ಟು ಉಬ್ಬಿದ್ಯಾ?’ ಅಂತ ಹೆಂಡತಿ ಕೇಳ್ತಾರೆ. ‘30.1ರಲ್ಲಿ ಗೆರೆ ಎಳೆದ ಹಾಗಿದೆ ಕಣೇ’ ಅಂತೀರಿ. ಅವರು ಕೇಳಿದ್ದು ಹಿಟ್ಟು, ನೀವು ಹೇಳಿದ್ದು ಗ್ರಾಫು. ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದ್ರೆ ಗೊತ್ತಾಗ್ತಿರಲಿಲ್ವಾ? ಸುಮ್ಮನೆ ಬಿಟ್ರೆ ತಾನಾಗೇ ಆಗೋ ಕೆಲಸವನ್ನ ಸುಮ್ಮನೆ ಬಿಡೋಕೆ ನಿಮ್ಮಿಂದ ಆಗಲ್ಲ. ನಿಮ್ಮ ಕಾಯಿಲೆ ಅದೇ ನೋಡಿ.

ಮಾಡಬೇಡಿ ಅಂತ ನಾನು ಹೇಳಲ್ಲ. ಖಂಡಿತ ಮಾಡಿ, ಒಳ್ಳೇ ಹುಚ್ಚು. ಆದ್ರೆ 230 ವೋಲ್ಟಿನ ವೈರನ್ನ ಬ್ರೆಡ್‌ಬೋರ್ಡ್ ಪಕ್ಕ ಬರಿಮೈಲಿ ಬಿಡಬೇಡಿ, ಡಬ್ಬದೊಳಗೆ ಹಾಕಿ ಮುಚ್ಚಿ. ಬಲ್ಬು ಥರ್ಮಾಕೋಲಿಗೆ ತಾಗದ ಹಾಗೆ ದೂರ ಇರಲಿ. ಬಲ್ಬಿನ ಲೈನಿಗೆ 70 ಡಿಗ್ರಿ ಆಸುಪಾಸಿನ ಥರ್ಮಲ್ ಫ್ಯೂಸ್ ಒಂದನ್ನ ಸೇರಿಸಿ. ಪೈ ಹ್ಯಾಂಗ್ ಆಗಿ ಬಲ್ಬು ಉರೀತಾನೇ ಇದ್ರೆ ಮನೆ ಉಳಿಸೋದು ಆ ಫ್ಯೂಸೇ ಹೊರತು ನಿಮ್ಮ ಕೋಡ್ ಅಲ್ಲ.

ಕೊನೇದಾಗಿ ಒಂದು ಕಿವಿಮಾತು. ಬೆಳಗ್ಗೆ ಇಡ್ಲಿ ಹೂವಿನ ಹಾಗೆ ಬಂದ್ರೆ ಊಟದ ಮೇಜಿನ ಮುಂದೆ ಪಿಐಡಿ ಪುರಾಣ ಬಿಚ್ಚಬೇಡಿ. ಅಕ್ಕಿ-ಉದ್ದು ನೆನೆಸಿ, ರುಬ್ಬಿ, ಉಪ್ಪು ಹಾಕಿದ್ದು ನೀವಲ್ಲ. ಮುಂದಿನ ಸಲ ಗ್ರೈಂಡರ್ ತೊಳೆಯೋದಾದ್ರೂ ನಿಮ್ಮ ಪಾಲಿಗಿರಲಿ. ಅದಕ್ಕೆ ಯಾವ ಸೆನ್ಸರೂ ಬೇಕಾಗಿಲ್ಲ.